ಸುನಂದಾ ಕೈ ಎತ್ತಿದಳು

ಎಪ್ಪತ್ತೈದರ ಯುಗಾದಿ ಕಳೆದ ಮೇಲೆ ನಾವು ಹೊಸದುರ್ಗಕ್ಕೆ ಬಂದು ಸಂಸಾರ ಹೂಡಿದೆವು. ಅಲ್ಲಿಂದ ಮುಂದಿನ ಯುಗಾದಿಯವರೆಗೆ ನಾನು ಓದಿದಷ್ಟು ಪುಸ್ತಕವನ್ನು, ನೋಡಿದಷ್ಟು ಸಿನಿಮಾವನ್ನು ಅದಕ್ಕೆ ಮೊದಲು ಕನಸಿನಲ್ಲೂ ಕಂಡಿರಲಿಲ್ಲ. ಟೀವಿ ಅನ್ನುವುದನ್ನು ನೋಡಿದ್ದೂ ಆ ವರ್ಷವೇ. ಯಾವುದನ್ನು ನೆನೆದರೂ ನನ್ನ ಪಕ್ಕದಲ್ಲಿ ಖಾತುನಮ್ಮ ಕೂತಿರುತ್ತಾರೆ.

ನಮ್ಮ ಮನೆಯವರ ಹೆಸರು ಜುಂಜಣ್ಣ. ಗಂಡನ ಹೆಸರು ಹೇಳಲು ಆಗ ನಾಚಿಕೆಯಾಗುತ್ತಿತ್ತು, ಬರೆಯಲು ಈಗ ಏನೂ ಇಲ್ಲ. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಅವರು ಕಂಡಕ್ಟರ್. ಬೆಳಕು ಹರಿಯುವ ಮೊದಲೇ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಾನು ಶ್ರೀರಾಂಪುರದ ಹತ್ತಿರದ ಒಂದು ಹಟ್ಟಿಯವಳು. ಅಪ್ಪ ಕಾಟಲಿಂಗಪ್ಪನಿಗೆ ಕುರಿ ಬಿಟ್ಟರೆ ಬೇರೆ ಲೋಕವಿಲ್ಲ. ಆದರೂ ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ. ಕುರಿ, ನಾಯಿ, ಅಜ್ಜಿ, ಚಿಕ್ಕಮ್ಮಂದಿರ ಗದ್ದಲದಲ್ಲಿ ಬೆಳೆದವಳಿಗೆ ಪೇಟೆಯ ಒಂಟಿ ಕೋಣೆಯ ಮನೆ ಬಾವಿಯ ಹಾಗೆ ಕಾಣುತ್ತಿತ್ತು. ಮಧ್ಯಾಹ್ನವಾದರೆ ಅಳು ಬರುತ್ತಿತ್ತು.

ಅದೇ ವಠಾರದಲ್ಲಿ, ಬೇವಿನ ಮರದ ಆಚೆಗಿನ ಮನೆಯಲ್ಲಿ ಖಾತುನ್ ಬೀ ಇದ್ದರು. ನಾವೆಲ್ಲ ಖಾತುನಮ್ಮ ಅನ್ನುತ್ತಿದ್ದೆವು. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಪ್ಯಾರಿಯನ್ನು ಆಗಿನ ರಾಯಚೂರು ಜಿಲ್ಲೆಗೆ ಕೊಟ್ಟಿದ್ದರು. ಹಳೆ ಸೀರೆ, ಪಂಚೆ ತಂದುಕೊಟ್ಟವರಿಗೆ ಕೌದಿ ಹೊಲಿದುಕೊಡುವುದು ಅವರ ಕೆಲಸ. ಒಂದು ಮಧ್ಯಾಹ್ನ ನಾನು ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದದ್ದನ್ನು ನೋಡಿ, ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ಬಂದರು.

"ಯಾರಾದ್ರೂ ಬೈದ್ರೇನು ಬೇಟಿ?"

"ಬೈಯೋಕಾದ್ರೂ ಯಾರೈದಾರೆ ಖಾತುನಮ್ಮ?" ಅಂದೆ.

ಅವರು ನಕ್ಕುಬಿಟ್ಟರು. "ಓದು ಬರ್ತದಲ್ಲ ನಿಂಗೆ. ಪುಸ್ತಕ ಓದು. ಜೋರಾಗಿ ಓದು, ನಾನೂ ಕೇಳ್ತೀನಿ. ನಂಗೆ ಕೈಗೆ ಕೆಲ್ಸ ಐತೆ, ಕಿವಿಗಿಲ್ಲ."

ಬಸ್‌ಸ್ಟ್ಯಾಂಡಿನ ಹಿಂದೆ ಯುವಕ ಸಂಘದವರ ಒಂದು ವಾಚನಾಲಯವಿತ್ತು. ಹೆಂಗಸರು ಅಲ್ಲಿಗೆ ಹೋಗುವ ರೂಢಿಯಿರಲಿಲ್ಲ. ಹಾಗಾಗಿ ನಮ್ಮ ಮನೆಯವರಿಗೇ ಹೇಳಿದೆ. ಮೊದಲ ಸಲ ಕಡಲೆಕಾಯಿ ಬೆಳೆಗೆ ಬರುವ ರೋಗಗಳ ಪುಸ್ತಕ ತಂದರು. ಎರಡನೇ ಸಲ ಗರಡಿ ಸಾಧನೆಯ ಪುಸ್ತಕ, ಚಿತ್ರ ಸಮೇತ.

"ಕಥೆ ಪುಸ್ತಕ ತರ್ರಿ ಅಂದಿದ್ನಲ್ಲ?"

"ದಪ್ಪಗಿರೋದು ನೋಡಿ ತಂದೆ ಕಣೇ ಗಂಗೀ. ಬೇಗ ಮುಗಿದೋದ್ರೆ ನಿಂಗೆ ಮತ್ತೆ ಬೇಜಾರಾಗಲ್ವಾ?"

ಮಾರನೆಯ ದಿನ ಖಾತುನಮ್ಮ ಬುರ್ಖಾ ಹಾಕಿಕೊಂಡು ಬಾಗಿಲಿಗೆ ಬಂದು ನಿಂತರು. "ನಡಿ, ಹೋಗಾಣ. ನಾವೇನ್ ಕಳ್ತನಕ್ಕೆ ಹೋಗ್ತಿದೀವಾ?"

ನಾವು ಒಳಗೆ ಕಾಲಿಟ್ಟಾಗ ಬೆಂಚಿನ ಮೇಲಿದ್ದವರೆಲ್ಲ ಪೇಪರು ಇಳಿಸಿ ನಮ್ಮನ್ನೇ ನೋಡಿದರು. ನನಗೆ ಸೆರಗು ಎಳೆದುಕೊಂಡು ಓಡಿಹೋಗುವ ಹಾಗಾಯಿತು. ಖಾತುನಮ್ಮ ಮಾತ್ರ ತುದಿಯಲ್ಲಿ ಕೂತಿದ್ದವನಿಗೆ, "ಪೇಪರ್ ಓದ್ರಿ ಅಣ್ಣ, ನಮ್ಮನ್ಯಾಕೆ ಓದ್ತೀರಿ?" ಅಂದರು. ವಾಚನಾಲಯ ನೋಡಿಕೊಳ್ಳುತ್ತಿದ್ದ ಪಾಲಯ್ಯ ಮೇಷ್ಟ್ರು, ನೌಕರಿಯಿಂದ ನಿವೃತ್ತರಾದವರು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕಪಾಟಿನಿಂದ ಒಂದು ಕಾದಂಬರಿ ತೆಗೆದು, ಧೂಳು ಕೊಡವಿ ಕೊಟ್ಟರು. "ಇದನ್ನ ತಗಂಡ್ ಹೋಗಮ್ಮ. ನಮ್ಮ ಮಗಳು ಇದನ್ನ ಓದ್ತಾ ಒಲೆ ಮೇಲಿನ ಹಾಲು ಉಕ್ಕಿಸಿದ್ಲು."

ಆ ಬೇಸಿಗೆಯ ಮಧ್ಯಾಹ್ನಗಳು ಬೇವಿನ ನೆರಳಲ್ಲಿ ಕಳೆದವು. ಕೌದಿಯ ಒಂದು ತುದಿಯಲ್ಲಿ ನಾನು ಓದುತ್ತಿದ್ದೆ, ಇನ್ನೊಂದು ತುದಿಯಲ್ಲಿ ಅವರು ಹೊಲಿಯುತ್ತಿದ್ದರು. ಕಥೆ ಸುನಂದಾ ಎಂಬ ನರ್ಸಿನದು. ಮಾಧವ ಎನ್ನುವವನು ಅವಳನ್ನು ಮದುವೆಯಾಗುವುದಾಗಿ ಹೇಳಿ ಬೊಂಬಾಯಿಗೆ ಹೋಗುತ್ತಾನೆ. ವರ್ಷಗಟ್ಟಲೆ ಸುದ್ದಿಯಿಲ್ಲ. ಅವಳು ಹಾಸಿಗೆ ಹಿಡಿದ ತಾಯಿಯನ್ನೂ ಆಸ್ಪತ್ರೆಯ ಕೆಲಸವನ್ನೂ ನಡೆಸಿಕೊಂಡು ಇರುತ್ತಾಳೆ. ಕೊನೆಗೊಂದು ದಿನ ಅವನು ಬಂದು, ಎಲ್ಲ ಬಿಟ್ಟು ತನ್ನ ಜೊತೆ ಬಾ ಅನ್ನುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಅವನು ಹೊರಡುವ ದಿನ ಸ್ಟೇಷನ್ನಿಗೆ ಓಡೋಡಿ ಬರುತ್ತಾಳೆ. ಅವನು ರೈಲಿನ ಬಾಗಿಲಲ್ಲಿ ನಿಂತಿದ್ದಾನೆ.

ನಾನು ಓದಿದೆ: "ರೈಲು ಅಲುಗಿತು. ಸುನಂದಾ ಕೈ ಎತ್ತಿದಳು. ಅವಳ ಬಾಯಿಂದ..."

ಖಾತುನಮ್ಮನ ಸೂಜಿ ನಿಂತಿತು. "ಹೂಂ, ಬಾಯಿಂದ?"

"ಮುಂದಿಲ್ಲ ಖಾತುನಮ್ಮ. ಹಾಳೆಗಳೇ ಇಲ್ಲ."

"ಹಾಳೆ ಇಲ್ದಿದ್ರೆ ಕಥೆ ಎಲ್ಲೋಯ್ತು?" ಅಂದವರೇ ಪುಸ್ತಕ ಕಿತ್ತುಕೊಂಡರು. ಅಕ್ಷರ ಬಾರದಿದ್ದರೂ ಪುಟಗಳನ್ನು ತಿರುಗಿಸಿ ನೋಡಿದರು. ಬೆನ್ನಿನ ಹೊಲಿಗೆ ಸವರಿ, "ದಾರ ಬಿಟ್ಟೈತೆ" ಅಂದರು. ಆ ದಿನ ಮತ್ತೆ ಸೂಜಿ ಹಿಡಿಯಲಿಲ್ಲ.

ಪಾಲಯ್ಯ ಮೇಷ್ಟ್ರಿಗೆ ತೋರಿಸಿದಾಗ ಅವರೂ ಪೆಚ್ಚಾದರು. "ಓದಿದೋರು ಯಾರೂ ಒಂದ್ಮಾತು ಹೇಳ್ಲಿಲ್ಲವಲ್ಲ!"

"ನಿಮ್ ಮಗಳು ಓದಿದ್ಲು ಅಂದ್ರಲ್ಲ ಸಾರ್?"

"ಅವಳು ಅದೇ ಕೊನೆ ಅಂದ್ಕಂಡ್ಲು ಅಂತ ಕಾಣುತ್ತಮ್ಮ. ಇದು ಹೊಸ ಥರದ ಬರವಣಿಗೆ ಅಂತ ಬಾಳ ಹೊಗಳಿದ್ಲು."

ಅಲ್ಲಿಂದ ಆ ಪುಸ್ತಕದ ಹುಡುಕಾಟ ಶುರುವಾಯಿತು. ಇವರು ಹೊಳಲ್ಕೆರೆಯಲ್ಲಿ ಕೇಳಿದರು, ಚಿತ್ರದುರ್ಗದ ಪುಸ್ತಕದಂಗಡಿಯಲ್ಲಿ ಕೇಳಿದರು, ಹಿರಿಯೂರಿನ ಬಸ್ಸಿನ ಕಂಡಕ್ಟರಿಗೂ ಹೇಳಿಟ್ಟರು. ಎಲ್ಲಿಯೂ ಸಿಗಲಿಲ್ಲ. ಆಮೇಲೆ ಬಸ್ಸಿನಲ್ಲೇ ಟಿಕೆಟ್ ಹರಿಯುತ್ತ, "ಯಾರತ್ರನಾದ್ರೂ ಆ ಕಾದಂಬರಿ ಐತೇನ್ರಿ?" ಎಂದು ಕೇಳತೊಡಗಿದರು. ಪುಸ್ತಕ ಯಾರ ಬಳಿಯೂ ಇರಲಿಲ್ಲ, ಅಭಿಪ್ರಾಯ ಎಲ್ಲರ ಬಳಿಯೂ ಇತ್ತು. ಸಿರಿಗೆರೆಗೆ ಹೋಗುವ ಕಾಲೇಜು ಹುಡುಗರು ಅವಳು ರೈಲು ಹತ್ತಲೇಬೇಕು ಅಂದರಂತೆ. ಕುರಿ ಸಂತೆಗೆ ಹೊರಟಿದ್ದ ಎತ್ತಪ್ಪ ಅನ್ನುವ ಮುದುಕರು, "ಅಷ್ಟು ವರ್ಷ ಸುದ್ದಿ ಕೊಡದೋನು ಮನುಷ್ಯನೇನ್ರಿ? ಹೋಗತ್ತ ಅಂತ ಉಗೀಬೇಕು" ಎಂದು ಕೂಗಿ, ವಾದ ಮುಗಿಯದೆ ಇಳಿಯಬೇಕಾದ ಊರು ಬಿಟ್ಟು ಮುಂದಿನ ಊರಲ್ಲಿ ಇಳಿದರಂತೆ. ಊಟಕ್ಕೆ ಕೂತಾಗ ಇವರು ಇದನ್ನೆಲ್ಲ ಹೇಳಿ ನಗಿಸುತ್ತಿದ್ದರು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಮಳೆಗಾಲಕ್ಕೆ ಮುಂಚೆ ಊರ ಹೊರಗೆ ಟೂರಿಂಗ್ ಟಾಕೀಸ್ ಇತ್ತು. ಕನ್ನಡ ಸಿನಿಮಾ ಬಂದಾಗ ನಾನು ಖಾತುನಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೆ, ಹಿಂದಿ ಸಿನಿಮಾ ಬಂದಾಗ ಅವರು ನನ್ನನ್ನು. ಹಿಂದಿಯ ಮಾತುಗಳನ್ನು ನನಗೆ ಕನ್ನಡದಲ್ಲಿ ಹೇಳುವುದು ಅವರ ಕೆಲಸ. ಮೊದಮೊದಲು ಕಿವಿಯಲ್ಲಿ ಹೇಳುತ್ತಿದ್ದವರು ಕಥೆ ಬಿಗಿಯಾದ ಹಾಗೆ ದನಿ ಏರಿಸಿಬಿಡುತ್ತಿದ್ದರು. "ಈಗ ಅವರಪ್ಪ ಹೇಳ್ತಾನೆ, ಈ ಮನೆಗೆ ಕಾಲಿಡಬ್ಯಾಡ ಅಂತ. ಮನೆ ಅವಂದಾದ್ರೆ ತಾನೆ? ಹೆಂಡ್ತಿ ಕಡೇದು!" ಇದರಲ್ಲಿ ಪರದೆಯ ಮೇಲಿನವರ ಮಾತು ಎಷ್ಟು, ಖಾತುನಮ್ಮನ ಮಾತು ಎಷ್ಟು ಎಂದು ನನಗೆ ತಿಳಿಯುತ್ತಿರಲಿಲ್ಲ. ಹೆಂಗಸರ ಕಡೆ ಕೂತವರೆಲ್ಲ ಮೆಲ್ಲಗೆ ಸರಿದು ನಮ್ಮ ಸುತ್ತ ಸೇರುತ್ತಿದ್ದರು. ಪಕ್ಕದ ಬೀದಿಯ ದುರುಗಕ್ಕ ಪರಿಚಯವಾದದ್ದು ಹಾಗೆ. "ನೀವು ಹೇಳಿದ್ರೇನೇ ಚೆನ್ನಾಗಿರುತ್ತೆ ಬಿಡ್ರಿ. ಅವರದು ಬರೀ ಗದ್ಲ" ಅಂದಳು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಂಜೆ ಇವರು ಬಾಗಿಲಿನಿಂದಲೇ ಕೂಗಿದರು. "ಗಂಗೀ, ನಿಮ್ ಸುನಂದಾ ದುರ್ಗಕ್ಕೆ ಬಂದವ್ಳೆ!" ಆ ಕಾದಂಬರಿ ಸಿನಿಮಾ ಆಗಿತ್ತು. ಚಿತ್ರದುರ್ಗದ ಟಾಕೀಸಿನ ಗೋಡೆಗೆ ರೈಲಿನ ಚಿತ್ರವಿರುವ ಪೋಸ್ಟರ್ ಅಂಟಿಸಿದ್ದರು.

ಇವರ ರಜೆಯ ದಿನ ಮೂವರೂ ಹೋದೆವು. ಖಾತುನಮ್ಮ ಅತ್ತರು ಹಚ್ಚಿಕೊಂಡಿದ್ದರು. ಬುತ್ತಿ ಕಟ್ಟಿಕೊಂಡು ಹೋಗಿ ಕೋಟೆಯ ಬಾಗಿಲ ಹತ್ತಿರ ಕೂತು ಉಂಡು, ಮ್ಯಾಟಿನಿಗೆ ಹೋದೆವು. ನಮಗೆ ಗೊತ್ತಿದ್ದ ಕಥೆಯೇ ಎದುರಿಗೆ ನಡೆಯುತ್ತಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಸ್ಟೇಷನ್ ಬಂತು, ರೈಲು ಅಲುಗಿತು, ಅವಳು ಕೈ ಎತ್ತಿದಳು. ಖಾತುನಮ್ಮ ನನ್ನ ಮಣಿಕಟ್ಟು ಹಿಡಿದರು. ನಾಯಕ ಓಡುವ ರೈಲಿನಿಂದ ಧುಮುಕಿದ. ಇಬ್ಬರೂ ಅಪ್ಪಿಕೊಂಡರು. ಎಲ್ಲಿಂದಲೋ ಹಾಡು ಬಂತು, ಗುಡ್ಡ ಬಂತು, ಹೂವಿನ ತೋಟ ಬಂತು, ದೀಪ ಹತ್ತಿತು.

"ಚೆನ್ನಾಗಿತ್ತಲ್ಲ?" ಅಂದರು ಇವರು, ತಾವೇ ಮಾಡಿದ ಸಿನಿಮಾ ಎಂಬಂತೆ.

"ಚೆನ್ನಾಗಿತ್ತಪ್ಪ ಜುಂಜಣ್ಣ. ಹಾಡು ಬಾಳ ಚೆನ್ನಾಗಿತ್ತು. ಆದ್ರೆ ಅವಳು ನಮ್ ಸುನಂದಾ ಅಲ್ಲ. ನಮ್ಮೋಳು ಡ್ಯೂಟಿ ಮುಗಿಸಿ ಕಾಲು ಊದಿಸ್ಕಂಡು ಬರೋಳು. ಇವಳು ಅಷ್ಟು ದೂರ ಓಡಿದ್ರೂ ಒಂದ್ ಕೂದ್ಲು ಕೆದರಲಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಖಾತುನಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೊಳಲ್ಕೆರೆ ದಾಟಿದ ಮೇಲೆ ತಾವೇ ಮಾತು ತೆಗೆದರು.

"ಪ್ಯಾರಿ ಕೂಸಿದ್ದಾಗ ಅವರಪ್ಪ ಬೊಂಬಾಯಿಗೆ ಹೋದ್ರು, ಗಿರಣಿ ಕೆಲ್ಸಕ್ಕೆ. ನೀನೂ ಬಾ ಅಂದ್ರು. ಅಮ್ಮೀ ಹಾಸಿಗೆ ಹಿಡಿದಿದ್ಲು, ಹೆಂಗೆ ಹೋಗ್ಲಿ? ಜಗಳ ಆಡಿದ್ವಿ. ಅವ್ರು ಹೊರಟಾಗ ನಾನು ಒಳಗೆ ಬಾಗ್ಲು ಹಾಕ್ಕಂಡು ಕುಂತಿದ್ದೆ. ಒಂದು ಮಾತೂ ಆಡ್ಲಿಲ್ಲ. ಅಲ್ಲೇ ಕಾಯಿಲೆ ಬಿದ್ದು ತೀರ್ಕಂಡ್ರು." ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನ್ ಮಾಡಿದ್ದು ಸರೀನಾ ಅಂತ ಕೇಳೋಕೆ ಯಾರಿದಾರೆ ಬೇಟಿ? ಅದಕ್ಕೇ, ಪುಸ್ತಕ ಬರೆದೋನು ಏನಂತಾನೆ ಕೇಳಾಣ ಅಂತಿತ್ತು."

ಅವರ ಕೈಮೇಲೆ ಕೈಯಿಟ್ಟೆ. ಊರು ಬರುವವರೆಗೂ ತೆಗೆಯಲಿಲ್ಲ.

ದೀಪಾವಳಿ ಮುಗಿದ ಮೇಲೆ ಪ್ಯಾರಿಗೆ ದಿನ ತುಂಬುತ್ತಿದೆ ಎಂದು ಅಳಿಯ ಅಬ್ದುಲ್ ಖಾದರ್ ಹೇಳಿಕಳಿಸಿದರು. ಅವರು ಗಂಗಾವತಿಯ ಕಡೆಯ ಒಂದು ಹಳ್ಳಿಯಲ್ಲಿ ಅಕ್ಕಿ ಗಿರಣಿಯ ಕೆಲಸದಲ್ಲಿದ್ದರು. ಖಾತುನಮ್ಮನಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಬಸ್ಸು ಬದಲಿಸಬೇಕು. "ನೀನೇ ಬಿಟ್ಟು ಬಾರೇ. ಅಂಗೇ ನಾಲ್ಕು ದಿನ ಇದ್ದು ಬಾ" ಎಂದರು ನಮ್ಮ ಮನೆಯವರು.

ಆ ಹಳ್ಳಿಗೆ ಸರ್ಕಾರದವರು ಟೀವಿ ಕೊಟ್ಟಿದ್ದರು. ಆಕಾಶದಲ್ಲಿರುವ ಉಪಗ್ರಹದಿಂದ ಚಿತ್ರ ಬರುತ್ತದೆ ಅನ್ನುತ್ತಿದ್ದರು. ಶಾಲೆಯ ಅಂಗಳದಲ್ಲಿ ತಂತಿಬಲೆಯ ದೊಡ್ಡದೊಂದು ಛತ್ರಿಯನ್ನು ಅಂಗಾತ ನಿಲ್ಲಿಸಿದ್ದರು, ಜಗಲಿಯ ಮೇಲೆ ಮರದ ಪೆಟ್ಟಿಗೆ. ಸಂಜೆಯಾದರೆ ಊರಿಗೆ ಊರೇ ಅಲ್ಲಿ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಬಂದ ಮಾರನೆಯ ಸಂಜೆ ನಾವೂ ಹೋಗಿ ಕೂತೆವು.

ಪೆಟ್ಟಿಗೆಯಲ್ಲಿ ಮೊದಲು ಮಂಜು ಮಂಜಾಗಿ, ಆಮೇಲೆ ಸ್ಪಷ್ಟವಾಗಿ ಒಬ್ಬ ಮನುಷ್ಯ ಕಂಡ. ಕುರಿಯೊಂದರ ಗೊರಸು ಎತ್ತಿ ಹಿಡಿದು, ಕಾಲುಹುಣ್ಣಿಗೆ ಔಷಧಿ ಹಾಕುವುದು ಹೇಗೆಂದು ತೋರಿಸುತ್ತಿದ್ದ. ನನಗೆ ಕಣ್ಣು ತುಂಬಿ ಬಂತು. ನಮ್ಮಪ್ಪ ದಿನವೂ ಹಾಗೇ ಕುರಿಯನ್ನು ಮೊಣಕಾಲ ಮಧ್ಯೆ ಒತ್ತಿ ಹಿಡಿಯುತ್ತಿದ್ದ. ಕುರಿ ಕಾಯುವವರ ಕೆಲಸವನ್ನೂ ತೋರಿಸುವಷ್ಟು ದೊಡ್ಡದೆಂದು ಯಾರೋ ತಿಳಿದಿದ್ದಾರಲ್ಲ ಅನ್ನಿಸಿತು.

ಖಾತುನಮ್ಮನಿಗೆ ಅಷ್ಟು ಹಿಡಿಸಲಿಲ್ಲ. "ಈ ಡಬ್ಬಿ ಕಥೆ ಹೇಳಲ್ವಾ?" ಎಂದು ಪಕ್ಕದವಳನ್ನು ಕೇಳಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಗಂಡಸರು ಗೊಣಗುತ್ತ ಬೀಡಿ ಹಚ್ಚಿದರು. ಇನ್ನೂ ನಸುಬೆಳಕಿತ್ತು, ಹೆಂಗಸರು ಏಳಲಿಲ್ಲ.

"ನೀವೇ ಒಂದು ಕಥಿ ಹೇಳ್ರೀ ಅಮ್ಮ" ಎಂದು ಯಾರೋ ತಮಾಷೆಗೆ ಅಂದರು.

ಖಾತುನಮ್ಮ ನನ್ನ ಮುಖ ನೋಡಿದರು. ಆಮೇಲೆ ಕಾಲು ಮಡಿಸಿ ಸರಿಯಾಗಿ ಕೂತು ಸುನಂದಾಳ ಕಥೆ ಹೇಳತೊಡಗಿದರು. ಕನ್ನಡದಲ್ಲಿ ಹೇಳುತ್ತ ಹೇಳುತ್ತ ಉರ್ದುವಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತಿದ್ದರು. ನಾನು ಓದಿದ ಒಂದು ಸಂಗತಿಯನ್ನೂ ಬಿಟ್ಟಿರಲಿಲ್ಲ. ಆಸ್ಪತ್ರೆಯ ವಾಸನೆ, ತಾಯಿಯ ಕೆಮ್ಮು, ಮಾಧವನ ಹೊಸ ಬೂಟು, ಎಲ್ಲವೂ ಬಂದವು. ಗಂಡಸರ ಕಡೆಯ ಮಾತೂ ನಿಂತಿತು. ಸ್ಟೇಷನ್ ಬಂತು.

"ರೈಲು ಅಲುಗಿತು. ಸುನಂದಾ ಕೈ ಎತ್ತಿದ್ಲು" ಅಂದು ಅವರು ತಡೆದರು.

"ಏನಂದ್ಳು?" ಎಂದು ಮುಂದಿನ ಸಾಲಿನವಳು ಕೇಳಿದಳು.

"ಹೋಗಿ ಬಾ ಅಂದ್ಳು" ಅಂದರು ಖಾತುನಮ್ಮ. "ಹೋಗು ಅನ್ಲಿಲ್ಲ. ಇರು ಅಂತ್ಲೂ ಅನ್ಲಿಲ್ಲ. ಹೋಗಿ ಬಾ ಅಂದ್ಳು. ಅವನಿಗೆ ಕೇಳಿಸ್ತು."

ಮತ್ತೆ ಕರೆಂಟು ಬಂದು ಪೆಟ್ಟಿಗೆ ಮಾತಾಡತೊಡಗಿದರೂ ಕೆಲವರು ಖಾತುನಮ್ಮನ ಕಡೆಗೇ ತಿರುಗಿ ಕೂತಿದ್ದರು.

ಬೆಳಿಗ್ಗೆ ಪ್ಯಾರಿಯನ್ನು ನೋಡಲು ಸರ್ಕಾರಿ ನರ್ಸು ಉಚ್ಚಂಗೆಮ್ಮ ಬಂದಳು. ನಮ್ಮ ದುರ್ಗದ ಸೀಮೆಯವಳೇ ಎಂದು ಮಾತಿನಲ್ಲೇ ಗೊತ್ತಾಯಿತು. ಪ್ಯಾರಿಯ ಹೊಟ್ಟೆ ಮುಟ್ಟಿ ನೋಡಿ, ಎಲ್ಲ ಸರಿಯಾಗಿದೆ ಎಂದು ಹೇಳಿ, ಕೈ ತೊಳೆಯುತ್ತ ಅಂದಳು: "ನಿನ್ನೆ ಕಥೆ ಕೇಳ್ದೆ ಅಮ್ಮ. ಆ ಪುಸ್ತಕ ನಾನ್ ಓದೀನಿ. ಟ್ರೈನಿಂಗ್‌ನಾಗೆ ಇದ್ದಾಗ ನಾವೆಲ್ಲ ಓದಿದ್ವಿ, ನರ್ಸಿನ ಕಥೆ ಅಂತ. ಕೊನೆ ಹಂಗಿಲ್ಲ."

ಖಾತುನಮ್ಮ ಕೈಯಲ್ಲಿದ್ದ ಚೊಂಬು ಕೆಳಗಿಟ್ಟರು. "ಕುಂತ್ಕಳವ್ವ. ಹೆಂಗೈತೆ ಹೇಳು."

"ಅವಳ ಬಾಯಿಂದ ಮಾತೇ ಬರಲ್ಲ. ಕೈ ಎತ್ತಿದ್ದು ಹಂಗೇ ಇರುತ್ತೆ, ರೈಲು ಹೋಗ್ಬಿಡುತ್ತೆ. ಪ್ಲಾಟ್‌ಫಾರಂನಾಗೆ ಕುಂತು ಒಂದಿಷ್ಟು ಅಳ್ತಾಳೆ. ಆಮೇಲೆ ಎದ್ದು ಡ್ಯೂಟಿಗೆ ಹೋಗ್ತಾಳೆ. ಅವತ್ತು ಒಂದು ಕಷ್ಟದ ಹೆರಿಗೆ. ತಾಯಿನೂ ಮಗೂನೂ ಉಳೀತಾರೆ. ಅಲ್ಲಿಗೆ ಮುಗೀತು."

"ಮಾತೇ ಬರ್ಲಿಲ್ಲ ಅಂತ ಬರೆದವ್ರಾ?"

"ಹೂಂ. ಅವಳದೇನೂ ತಪ್ಪಿಲ್ಲ ಅನ್ನೋ ಹಂಗೆ ಬರೆದವ್ರೆ."

ಖಾತುನಮ್ಮ ಅಂಗಳದ ಕಡೆ ಮುಖ ಮಾಡಿದರು. ನಾನು ಅವರು ಅಳುತ್ತಾರೆ ಅಂದುಕೊಂಡೆ. ಆದರೆ ತಿರುಗಿದಾಗ ಅವರ ಮುಖ ಸ್ನಾನ ಮಾಡಿ ಬಂದವರ ಮುಖದ ಹಾಗಿತ್ತು.

"ಹಂಗಾದ್ರೆ ಬರೆದೋನಿಗೆ ಗೊತ್ತೈತೆ, ಬೇಟಿ" ಅಂದರು. ಚೊಂಬು ಮತ್ತೆ ಎತ್ತಿಕೊಂಡು, "ಆದ್ರೂ ಈ ಊರೋರಿಗೆ ನಾನ್ ಹೇಳಿದ್ದೇ ಇರ್ಲಿ. ಉಚ್ಚಂಗೆಮ್ಮ, ನೀನು ಯಾರಿಗೂ ಹೇಳಬ್ಯಾಡ" ಎಂದು ನಕ್ಕರು. ಉಚ್ಚಂಗೆಮ್ಮನೂ ನಕ್ಕಳು.

ಆ ಸಂಜೆ ಶಾಲೆಯ ಅಂಗಳಕ್ಕೆ ಹೋದರೆ ಹೆಂಗಸರು ಕಾದಿದ್ದರು. "ಹೋಗಿ ಬಾ ಅಂದ್ಳಲ್ಲ, ಮತ್ತ ಬಂದ್ನೇನ್ರೀ ಅವ?" ಖಾತುನಮ್ಮ ತಪ್ಪಿಸಿಕೊಳ್ಳಲು ನೋಡಿದರು, ಅವರು ಬಿಡಲಿಲ್ಲ. ಟೀವಿ ಮುಗಿದ ಮೇಲೆ ಅಲ್ಲೇ ಕೂತು ಸುನಂದಾಳ ಮುಂದಿನ ಕಥೆ ಶುರು ಮಾಡಿಯೇಬಿಟ್ಟರು. ನಾನು ಊರಿಗೆ ಹೊರಡುವ ಹೊತ್ತಿಗೆ ಮಾಧವ ಬೊಂಬಾಯಿಯಲ್ಲಿ ಕೆಲಸ ಕಳೆದುಕೊಂಡಿದ್ದ, ಸುನಂದಾಗೆ ಬಡ್ತಿ ಸಿಕ್ಕಿತ್ತು. ಬಸ್ಸಿನ ಕಿಟಕಿಯ ಹತ್ತಿರ ನಿಂತು ಖಾತುನಮ್ಮ, "ಹೆರಿಗೆ ಆಗೋವರ್ಗೂ ಈ ಸುನಂದಾನ್ನ ಹೆಂಗೆ ಎಳೆದಾಡ್ಲೋ ಗೊತ್ತಿಲ್ಲ" ಎಂದು ಪಿಸುಗುಟ್ಟಿದರು.

ಅವರಿಲ್ಲದ ವಠಾರಕ್ಕೆ ಬಂದಾಗ ಮತ್ತೆ ಆ ಬಾವಿಯೊಳಗೆ ಬೀಳುತ್ತೇನೇನೋ ಎಂದು ಹೆದರಿದ್ದೆ. ಹಾಗಾಗಲಿಲ್ಲ. ನಾನೊಬ್ಬಳೇ ವಾಚನಾಲಯಕ್ಕೆ ಹೋದೆ. ಬೆಂಚಿನವರು ಈಗ ನೋಡುತ್ತಿರಲಿಲ್ಲ, ನೋಡಿದರೂ ನನಗೇನೂ ಅನ್ನಿಸುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಮನಸ್ಸಿನಲ್ಲೇ ಓದಿಕೊಳ್ಳುವ ಸುಖ ಹತ್ತಿತು. ಒಂದು ಮಧ್ಯಾಹ್ನ ದುರುಗಕ್ಕ ಮಗುವನ್ನು ಸೊಂಟಕ್ಕಿಟ್ಟುಕೊಂಡು ಬಂದಳು. "ಖಾತುನಮ್ಮ ಇಲ್ದಿದ್ರೇನು, ನೀನಾದ್ರೂ ಏನಾರ ಓದಿ ಹೇಳು" ಅಂದಳು. ಮರುದಿನ ಇನ್ನಿಬ್ಬರನ್ನು ಕರೆತಂದಳು. ಬೇವಿನ ಕೆಳಗೆ ಜಾಗ ಸಾಲದೆ ಹೋಯಿತು.

ಪಾಲಯ್ಯ ಮೇಷ್ಟ್ರ ಕಿವಿಗೆ ಇದು ಬಿದ್ದಿರಬೇಕು. ನಾನು ಪುಸ್ತಕ ಬದಲಾಯಿಸಲು ಹೋದಾಗ, "ಗುರುವಾರ ಮಧ್ಯಾಹ್ನ ವಾಚನಾಲಯ ಹೆಂಗಸರಿಗೆ ಬಿಟ್ಟುಕೊಡಾಣ ಅಂತ ಸಂಘದೋರಿಗೆ ಹೇಳಿ ಒಪ್ಸೀನಮ್ಮ. ನೀನು ನಡೆಸ್ತೀಯ?" ಎಂದರು. ಯಾರನ್ನೂ ಕೇಳದೆ "ಹೂಂ ಸಾರ್" ಅಂದುಬಿಟ್ಟೆ. ಮನೆಗೆ ಬಂದು ಹೇಳಿದಾಗ ಇವರು, "ಕೇಳದೇ ಒಪ್ಕಂಡ್ಯಾ?" ಎಂದು ಹುಬ್ಬು ಏರಿಸಿದರು. ಆಮೇಲೆ ತಾವೇ ಬಸ್ಸಿನಲ್ಲಿ ಊರಿಗೆಲ್ಲ ಸಾರಿದರು.

ಯುಗಾದಿ ಹತ್ತಿರ ಬಂದಾಗ ಖಾತುನಮ್ಮ ವಾಪಸಾದರು. ಪ್ಯಾರಿಗೆ ಹೆಣ್ಣುಮಗು. ಸುಖದ ಹೆರಿಗೆ, ಉಚ್ಚಂಗೆಮ್ಮನೇ ಮಾಡಿಸಿದ್ದಳು. ಖಾತುನಮ್ಮ ಕೊಂಚ ಮೈತುಂಬಿಕೊಂಡಿದ್ದರು, ದನಿ ಒಡೆದಿತ್ತು. "ದಿನಾ ಕಥೆ ಹೇಳಿಸಿ ಗಂಟ್ಲು ಹೋಯ್ತು" ಎಂದು ದೂರಿದರೂ ಅದರಲ್ಲಿ ಹೆಮ್ಮೆಯಿತ್ತು. ಆ ಗುರುವಾರ ಅವರನ್ನು ನಡುವೆ ಕೂರಿಸಿಕೊಂಡು ಓದಿದೆ. ದುರುಗಕ್ಕನ ಮಗು ಮೇಜಿನ ಕೆಳಗೆ ನಿದ್ದೆಹೋಗಿತ್ತು. ಪಾಲಯ್ಯ ಮೇಷ್ಟ್ರು ಹೊರಗೆ ಜಗಲಿಯ ಮೇಲೆ ಸ್ಟೂಲು ಹಾಕಿಕೊಂಡು, ಕೇಳದವರ ಹಾಗೆ ಕೇಳುತ್ತಿದ್ದರು.

ಸಂಜೆ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದೆ. ಇವರು ಕೈಕಾಲು ತೊಳೆದು ಒಲೆಯ ಹತ್ತಿರ ಮಣೆ ಎಳೆದುಕೊಂಡು ಕೂತರು.

"ಇವತ್ತೇನ್ ಕಥೆ ಓದಿದ್ರಿ?" ಅಂದರು.

ಮೊದಲಿನಿಂದ ಹೇಳತೊಡಗಿದೆ. ಅವರು ರೊಟ್ಟಿ ಮುರಿಯುತ್ತ ಹೂಂಗುಟ್ಟುತ್ತ ಕೇಳಿದರು.